ನಾಲ್ಕು ಅಂಕದ ಅಂತರ ಎಲ್ಲಿಂದ ಬಂತು?

(ನಾರ್ತ್ ಕೆರೊಲಿನಾದ ಕ್ಯಾರಿ ಊರಿನಲ್ಲಿ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದ ಅಂಕಪಟ್ಟಿಯನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಡುನೀಲಿ ಅಂಗಿಯ ಡ್ಯೂಕ್ ಅಭಿಮಾನಿಗಳೆಲ್ಲ ಒಂದು ಕಡೆ, ತಿಳಿನೀಲಿಯ ಕೆರೊಲಿನಾದವರೆಲ್ಲ ಇನ್ನೊಂದು ಕಡೆ ಕೂತಿದ್ದೀರಿ. ಹೀಗೆ ಕೂರಿಸಿದ್ದು ನಾವಲ್ಲ ಅಂತ ಆಯೋಜಕರು ಹೇಳುತ್ತಿದ್ದಾರೆ. ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯಕ್ಕೂ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೂ ನಡುವೆ ಇರುವುದು ಹದಿನಾರು ಕಿಲೋಮೀಟರ್ ಅಷ್ಟೆ. ಮದ್ದೂರಿನಿಂದ ಮಂಡ್ಯಕ್ಕೆ ಹೋದಷ್ಟೂ ದೂರವಿಲ್ಲ. 1920ರಲ್ಲಿ, ಡ್ಯೂಕ್ ಇನ್ನೂ ಟ್ರಿನಿಟಿ ಕಾಲೇಜು ಎನಿಸಿಕೊಂಡಿದ್ದಾಗ, ಇಬ್ಬರೂ ಮೊದಲ ಸಲ ಬ್ಯಾಸ್ಕೆಟ್‌ಬಾಲ್ ಆಡಿದರು. ಅಲ್ಲಿಂದ ಇನ್ನೂರೈವತ್ತಕ್ಕೂ ಹೆಚ್ಚು ಸಲ ಎದುರುಬದುರಾಗಿದ್ದಾರೆ. ಆದರೆ ದೇಶದ ಅತಿ ದೊಡ್ಡ ಕಾಲೇಜು ಪಂದ್ಯಾವಳಿಯಾದ ಎನ್‌ಸಿಎಎ ಟೂರ್ನಮೆಂಟಿನಲ್ಲಿ 2022ರವರೆಗೆ ಒಮ್ಮೆಯೂ ಮುಖಾಮುಖಿ ಆಗಿರಲಿಲ್ಲ. ಆದದ್ದು ಆ ವರ್ಷದ ಏಪ್ರಿಲ್ 2ರಂದು, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ, ಎಪ್ಪತ್ತು ಸಾವಿರ ಜನರ ಎದುರು, ಸೆಮಿಫೈನಲ್‌ನಲ್ಲಿ. 42 ವರ್ಷ ಡ್ಯೂಕ್ ತಂಡವನ್ನು ನಡೆಸಿದ ಮೈಕ್ ಶಶೆವ್‌ಸ್ಕಿ, ನೀವೆಲ್ಲ ಹೇಳುವ ಕೋಚ್ ಕೆ, ನಿವೃತ್ತಿ ಘೋಷಿಸಿ ಆಡಿಸುತ್ತಿದ್ದ ಕೊನೆಯ ಋತು ಅದು. ಕೆರೊಲಿನಾದ ಕೋಚ್ ಹ್ಯೂಬರ್ಟ್ ಡೇವಿಸ್‌ಗೆ ಅದೇ ಮೊದಲ ವರ್ಷ.

ಫಲಿತಾಂಶ ನಿಮಗೆ ಗೊತ್ತು. ಕೆರೊಲಿನಾ 81, ಡ್ಯೂಕ್ 77. ಕೋಚ್ ಕೆ ಅವರ ಕೊನೆಯ ಪಂದ್ಯ ಅದೇ ಆಯಿತು.

ಈ ಪಂದ್ಯದ ಬಗ್ಗೆ ಯಾರನ್ನೇ ಕೇಳಿದರೂ ಒಂದೇ ಹೊಡೆತದ ಕಥೆ ಹೇಳುತ್ತಾರೆ: ಸುಮಾರು 25 ಸೆಕೆಂಡು ಬಾಕಿ ಇದ್ದಾಗ ಕೆರೊಲಿನಾದ ಕೇಲೆಬ್ ಲವ್ ಹೊಡೆದ ಥ್ರೀ-ಪಾಯಿಂಟರ್, ಅಂದರೆ ದೂರದ ಗೆರೆಯ ಆಚೆಯಿಂದ ಹಾಕುವ ಮೂರು ಅಂಕದ ಹೊಡೆತ. ಒಳ್ಳೆಯ ಹೊಡೆತವೇ, ಅದರಲ್ಲಿ ಮಾತಿಲ್ಲ. ಆದರೆ ಅಂಕಪಟ್ಟಿ ಹಿಡಿದು ಕೂತರೆ ಕಾಣುವುದೇ ಬೇರೆ. ಡ್ಯೂಕ್ ಸೋತದ್ದು ಕೊನೆಯ 25 ಸೆಕೆಂಡಿನಲ್ಲಿ ಅಲ್ಲ. ಆ ಹೊತ್ತಿಗೆ ಎರಡು ಕಾಲಂಗಳಲ್ಲಿ ಸೋಲು ಮುಕ್ಕಾಲು ಪಾಲು ಬರೆದಾಗಿತ್ತು. ಇವತ್ತು ನಿಮಗೆ ಆ ಎರಡು ಕಾಲಂ ತೋರಿಸಬೇಕು ಅಂತಲೇ ಬಂದಿದ್ದೇನೆ. ಅವುಗಳನ್ನು ಎಷ್ಟು ನಂಬಬೇಕು ಅನ್ನುವ ತಕರಾರನ್ನೂ ನಾನೇ ಎತ್ತುತ್ತೇನೆ.

ಮೊದಲು ಹತ್ತಿರದ ಪಂದ್ಯ ಅಂದರೆ ಎಷ್ಟು ಹತ್ತಿರ ಅಂತ ನೋಡಿ. ಮುನ್ನಡೆ 18 ಸಲ ಕೈ ಬದಲಾಯಿಸಿತು. 12 ಸಲ ಅಂಕ ಸಮವಾಯಿತು. ಅರ್ಧ ಆಟಕ್ಕೆ ಡ್ಯೂಕ್ 37, ಕೆರೊಲಿನಾ 34. ವಿರಾಮದ ನಂತರ ಡ್ಯೂಕ್ 41–34ಕ್ಕೆ ಹೋಯಿತು. ಇಡೀ ಪಂದ್ಯದಲ್ಲಿ ಯಾರಿಗೂ ಏಳಕ್ಕಿಂತ ದೊಡ್ಡ ಮುನ್ನಡೆ ಸಿಗಲಿಲ್ಲ. ಅಲ್ಲಿಂದ ಕೆರೊಲಿನಾ ಒಂದೇ ಉಸಿರಿಗೆ 13 ಅಂಕ ಹೊಡೆಯಿತು, ಡ್ಯೂಕ್ ಸೊನ್ನೆ. 47–41. ಈ ಹದಿಮೂರು ಅಂಕ ಯಾರ ನೆನಪಿನಲ್ಲೂ ಇಲ್ಲ. ಕೊನೆಯ ಥ್ರೀ-ಪಾಯಿಂಟರ್‌ನ ಮೂರು ಅಂಕ ಮಾತ್ರ ಎಲ್ಲರಿಗೂ ಬಾಯಿಪಾಠ. ಹಲಗೆಯ ಮೇಲೆ ಎರಡೂ ಕಡೆಯ ಅಂಕದ ಬೆಲೆ ಒಂದೇ, ಬಂದ ಹೊತ್ತು ಬೇರೆ ಅಷ್ಟೆ.

ಈಗ ಡ್ಯೂಕ್‌ನ 77 ಅಂಕವನ್ನು ಒಡೆದು ನೋಡೋಣ. ಐದು ಥ್ರೀ-ಪಾಯಿಂಟರ್, ಅಂದರೆ 15 ಅಂಕ. ಎದುರಾಳಿಯ ಫೌಲ್‌ಗೆ ಸಿಗುವ ಒಂದಂಕದ ಹೊಡೆತ, ಅಂದರೆ ಫ್ರೀ ಥ್ರೋ, ಹನ್ನೆರಡು, 12 ಅಂಕ. ಉಳಿದ 50 ಅಂಕ 25 ಎರಡಂಕದ ಬ್ಯಾಸ್ಕೆಟ್‌ಗಳಿಂದ. ಬ್ಯಾಸ್ಕೆಟ್ ಬಳಿಯ ಆಟ ಡ್ಯೂಕ್‌ಗೆ ಚೆನ್ನಾಗಿಯೇ ಸಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ. ಎಡವಿದ್ದು ಉಳಿದೆರಡು ಕಡೆ. ಐದು ಥ್ರೀ ಬಿದ್ದದ್ದು 22 ಯತ್ನಗಳಲ್ಲಿ. ಹನ್ನೆರಡು ಫ್ರೀ ಥ್ರೋ ಬಿದ್ದದ್ದು 20ರಲ್ಲಿ. ಕೆರೊಲಿನಾ 26 ಥ್ರೀ ಯತ್ನಿಸಿ ಹತ್ತು ಹಾಕಿತು, 30 ಅಂಕ.

ಭಾಗಾಕಾರ ಮಾಡಿ. ದೂರದಿಂದ ಹೊಡೆದ ಪ್ರತಿ ಚೆಂಡಿಗೆ ಕೆರೊಲಿನಾಕ್ಕೆ ದಕ್ಕಿದ್ದು 1.15 ಅಂಕ, ಡ್ಯೂಕ್‌ಗೆ 0.68. ಆ ಗೆರೆಯ ಆಚೆಯ ಲೆಕ್ಕವೊಂದರಲ್ಲೇ ಹದಿನೈದು ಅಂಕದ ಕೊರತೆ. ಡ್ಯೂಕ್ ಅದರಲ್ಲಿ ಹನ್ನೊಂದನ್ನು ಬೇರೆ ಕಡೆ ತುಂಬಿಕೊಂಡಿತು. ಉಳಿದದ್ದು ನಾಲ್ಕು. ಫ್ರೀ ಥ್ರೋ ಅಂದರೆ ಎದುರಿಗೆ ಯಾರೂ ಅಡ್ಡ ಬರದ, ಹದಿನೈದು ಅಡಿ ದೂರದಿಂದ ನಿಂತು ಹೊಡೆಯುವ ಚೆಂಡು. ಅಂಥವು ಎಂಟು ತಪ್ಪಿದವು, ಸೋತದ್ದು ನಾಲ್ಕು ಅಂಕದಿಂದ.

ಆ ಎಂಟರಲ್ಲಿ ಎರಡನ್ನು ಮಾತ್ರ ಜನ ನೆನಪಿಟ್ಟಿದ್ದಾರೆ. 1 ನಿಮಿಷ 18 ಸೆಕೆಂಡು ಬಾಕಿ ಇದ್ದಾಗ ವೆಂಡೆಲ್ ಮೂರ್ ಥ್ರೀ ಹೊಡೆದು ಡ್ಯೂಕ್‌ಗೆ 74–73ರ ಮುನ್ನಡೆ ಕೊಟ್ಟ. ಕೆರೊಲಿನಾದ ಆರ್.ಜೆ. ಡೇವಿಸ್ ಎರಡು ಫ್ರೀ ಥ್ರೋ ಹಾಕಿ 75–74 ಮಾಡಿದ. 46.7 ಸೆಕೆಂಡು ಉಳಿದಾಗ ಕೆರೊಲಿನಾದ ಅರ್ಮಾಂಡೊ ಬೇಕಾಟ್ ಐದನೆಯ ಫೌಲ್ ಮಾಡಿ ಹೊರಬಿದ್ದ. ಡ್ಯೂಕ್‌ನ ಮಾರ್ಕ್ ವಿಲಿಯಮ್ಸ್‌ಗೆ ಎರಡು ಫ್ರೀ ಥ್ರೋ. ಎರಡೂ ತಪ್ಪಿದವು. ಆಮೇಲೆ ಲವ್‌ನ ಥ್ರೀ, 78–74. ಕೊನೆಯಲ್ಲಿ ಲವ್‌ನದೇ ಮೂರು ಫ್ರೀ ಥ್ರೋ.

ವಿಲಿಯಮ್ಸ್ ಆ ಋತುವಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಫ್ರೀ ಥ್ರೋ ಹಾಕುತ್ತಿದ್ದ ಹುಡುಗ. ಅಂಥವನು ಎರಡಕ್ಕೆ ಎರಡೂ ತಪ್ಪುವುದು ಹನ್ನೆರಡು ಹದಿಮೂರು ಸಲಕ್ಕೊಮ್ಮೆ. ಅಪರೂಪ ಹೌದು, ಅಘಟಿತ ಅಲ್ಲ. ಆ ಸೋಲನ್ನು ಅವನ ತಲೆಗೆ ಕಟ್ಟಿದವರು ತಪ್ಪಿದ ಉಳಿದ ಆರು ಫ್ರೀ ಥ್ರೋಗಳ ಲೆಕ್ಕ ಯಾಕೆ ಕೇಳುವುದಿಲ್ಲ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಮೊದಲಾರ್ಧದಲ್ಲಿ ತಪ್ಪಿದ ಫ್ರೀ ಥ್ರೋ ಕೂಡ ಒಂದೇ ಅಂಕ, ಕೊನೆಯ ನಿಮಿಷದ್ದೂ ಒಂದೇ.

ಈಗ ಆಟಗಾರರ ಸಾಲುಗಳಿಗೆ ಬರೋಣ. ಲವ್ 28 ಅಂಕ, ಅದರಲ್ಲಿ 22 ದ್ವಿತೀಯಾರ್ಧದ್ದು. ಆರ್.ಜೆ. ಡೇವಿಸ್ 18. ಬ್ರೇಡಿ ಮಾನೆಕ್ 14. ಬೇಕಾಟ್ 11 ಅಂಕ, 21 ರೀಬೌಂಡ್, ಅಂದರೆ ತಪ್ಪಿದ ಚೆಂಡನ್ನು 21 ಸಲ ಹಿಡಿದ. ಆ ಕಡೆ ಪಾವ್ಲೊ ಬಂಕೇರೊ 20 ಅಂಕ, 10 ರೀಬೌಂಡ್, ಬೆಂಚಿನಿಂದ ಎದ್ದು ಬಂದ ಟ್ರೆವರ್ ಕೀಲ್ಸ್ 19, ಮೂರ್ 10.

ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಲ್ಲುವುದು 28ರ ಮೇಲಲ್ಲ, 21ರ ಮೇಲೆ. ಹೊಡೆದು ತಪ್ಪಿದ ಚೆಂಡು ಯಾರ ಕೈ ಸೇರುತ್ತದೋ ಅವರಿಗೆ ಸರದಿ. ನಾವು ಅದನ್ನು ಪೊಸೆಷನ್ ಅನ್ನುತ್ತೇವೆ. ಡ್ಯೂಕ್‌ನ 17 ಥ್ರೀಗಳು, ಎಂಟು ಫ್ರೀ ಥ್ರೋಗಳು ತಪ್ಪಿದವು ಅಂದೆನಲ್ಲ. ತಪ್ಪಿದ ಚೆಂಡು ಮತ್ತೆ ಡ್ಯೂಕ್ ಕೈಗೇ ಹೋಗಿದ್ದರೆ ತಪ್ಪಿಗೆ ದಂಡವೇ ಇರುತ್ತಿರಲಿಲ್ಲ. ಆ ದಾರಿಗೆ ಅಡ್ಡಲಾಗಿ ನಿಂತವನು ಬೇಕಾಟ್. ಅದೂ ಕೊನೆಯ ನಿಮಿಷಗಳಲ್ಲಿ ಪಾದದ ಕೀಲು ಉಳುಕಿಸಿಕೊಂಡು, ಒಮ್ಮೆ ಹೊರಗೆ ಹೋಗಿ, ಮತ್ತೆ ಕುಂಟುತ್ತ ಬಂದು. ಆ ಟೂರ್ನಮೆಂಟಿನ ಆರಕ್ಕೆ ಆರೂ ಪಂದ್ಯಗಳಲ್ಲಿ ಅವನು ಅಂಕದಲ್ಲೂ ರೀಬೌಂಡಿನಲ್ಲೂ ಎರಡಂಕಿ ದಾಟಿದ. ಅದಕ್ಕೂ ಮೊದಲು ಆ ಕೆಲಸ ಯಾರೂ ಮಾಡಿರಲಿಲ್ಲ.

ಪೊಸೆಷನ್ ಅಂದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಲೆಕ್ಕಕ್ಕೂ ಈ ಊರಿಗೂ ನಂಟಿದೆ. ಚಾಪೆಲ್ ಹಿಲ್‌ನ ದೊಡ್ಡ ಅಂಗಣಕ್ಕೆ ಯಾರ ಹೆಸರಿದೆಯೋ ಆ ಡೀನ್ ಸ್ಮಿತ್, 879 ಪಂದ್ಯ ಗೆದ್ದ ಕೋಚ್, ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ. 1950ರ ದಶಕದ ಕೊನೆಯಲ್ಲಿ, ಇನ್ನೂ ಸಹಾಯಕ ಕೋಚ್ ಆಗಿದ್ದಾಗಲೇ, ಅವರು ಪಂದ್ಯಕ್ಕೆ ಎಷ್ಟು ಅಂಕ ಅನ್ನುವುದನ್ನು ಪಕ್ಕಕ್ಕಿಟ್ಟು ಪೊಸೆಷನ್ನಿಗೆ ಎಷ್ಟು ಅಂಕ ಅಂತ ಎಣಿಸುತ್ತಿದ್ದರು. ತರ್ಕ ಸರಳ. ಒಬ್ಬರು ಅಂಕ ಹೊಡೆದರೆ ಚೆಂಡು ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾಗಿ ಪಂದ್ಯ ಮುಗಿಯುವಾಗ ಎರಡೂ ತಂಡಕ್ಕೆ ಸಿಕ್ಕ ಸರದಿಗಳು ಹೆಚ್ಚುಕಡಿಮೆ ಸಮ. ಕ್ರಿಕೆಟ್ಟಿನಲ್ಲಿ ಇಬ್ಬರಿಗೂ ಐವತ್ತೈವತ್ತು ಓವರು ಕೊಟ್ಟಂತೆ. ಇಲ್ಲಿ ಆ ಓವರಿನ ಸಂಖ್ಯೆಯನ್ನು ಆಟವೇ ತೀರ್ಮಾನಿಸುತ್ತದೆ. ಒಂದು ತಂಡ ಅವಸರದಲ್ಲಿ ಆಡಿದರೆ ಇಬ್ಬರಿಗೂ ಸರದಿ ಹೆಚ್ಚು, ಅಂಕವೂ ಹೆಚ್ಚು. ನಿಧಾನಿಸಿದರೆ ಇಬ್ಬರಿಗೂ ಕಡಿಮೆ. ಪಂದ್ಯಕ್ಕೆ ಅರವತ್ತೇ ಅಂಕ ಬಿಟ್ಟುಕೊಡುತ್ತದೆ, ರಕ್ಷಣೆ ಗಟ್ಟಿ ಅಂತ ನಾವು ಹೊಗಳುವ ತಂಡ, ಬರೀ ನಿಧಾನಸ್ಥರ ತಂಡ ಇದ್ದೀತು.

ಮನೆಯಲ್ಲಿ ನೀವೇ ಲೆಕ್ಕ ಹಾಕಬಹುದು. ತಂಡ ಹೊಡೆದ ಒಟ್ಟು ಹೊಡೆತಗಳಿಂದ, ತಪ್ಪಿದ ತನ್ನದೇ ಚೆಂಡನ್ನು ಮತ್ತೆ ಹಿಡಿದ ರೀಬೌಂಡುಗಳನ್ನು ಕಳೆಯಿರಿ. ಕೈತಪ್ಪಿ ಹೋದ ಚೆಂಡುಗಳನ್ನು, ಅಂದರೆ ಟರ್ನೋವರುಗಳನ್ನು, ಕೂಡಿಸಿ. ಫ್ರೀ ಥ್ರೋಗಳನ್ನು 0.475ರಿಂದ ಗುಣಿಸಿ ಅದನ್ನೂ ಸೇರಿಸಿ. ಬಂದದ್ದು ಪೊಸೆಷನ್. ಸಾಮಾನ್ಯವಾಗಿ ಎರಡೆರಡು ಫ್ರೀ ಥ್ರೋಗೆ ಒಂದು ಸರದಿ ಮುಗಿಯುವುದರಿಂದ ಅರ್ಧ ಅಂತಿರಬೇಕಿತ್ತು. ಬ್ಯಾಸ್ಕೆಟ್ ಬಿದ್ದ ಮೇಲೂ ಒಂದು ಹೆಚ್ಚುವರಿ ಫ್ರೀ ಥ್ರೋ ಸಿಗುವುದುಂಟು, ಅದಕ್ಕೇ ಅರ್ಧಕ್ಕಿಂತ ತುಸು ಕಡಿಮೆ. ಕಾಲೇಜು ಆಟಕ್ಕೆ ಜನ ಬಳಸುವ ಅಂದಾಜು ಇದು, ವೇದವಾಕ್ಯ ಅಲ್ಲ.

ನಿಧಾನದ ಮಾತು ಬಂತಲ್ಲ, ಇದೇ ಸ್ಮಿತ್ ಮಾಡಿದ ಒಂದು ಕಿತಾಪತಿ ಹೇಳದೆ ಮುಂದೆ ಹೋಗಲಾರೆ. 1979ರ ಫೆಬ್ರವರಿ 24, ಡ್ಯೂಕ್‌ನ ಕ್ಯಾಮರೂನ್ ಅಂಗಣ. ಆಗ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ ಇರಲಿಲ್ಲ, ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಕೆರೊಲಿನಾ ಚೆಂಡು ಹಿಡಿದು ನಿಂತೇಬಿಟ್ಟಿತು. ಅರ್ಧ ಆಟ ಮುಗಿದಾಗ ಡ್ಯೂಕ್ 7, ಕೆರೊಲಿನಾ ಸೊನ್ನೆ. ದ್ವಿತೀಯಾರ್ಧದಲ್ಲಿ ಮನಸ್ಸು ಬದಲಾಯಿಸಿ ಆಡಿದರು, ಇಬ್ಬರೂ ತಲಾ 40 ಹೊಡೆದರು. ಪಂದ್ಯ 47–40. ಆಡಿದ ಅರ್ಧದಲ್ಲಿ ಸಮ, ಆಡದ ಅರ್ಧದಲ್ಲಿ ಸೋಲು! ಮೊದಲ ಶಾಟ್ ಕ್ಲಾಕ್, 45 ಸೆಕೆಂಡಿನದು, ದೇಶದಾದ್ಯಂತ ಕಾಲೇಜು ಆಟಕ್ಕೆ ಬಂದದ್ದು 1985–86ರಲ್ಲಿ. ಈಗ 30 ಸೆಕೆಂಡು.

ಸರಿ, 2022ಕ್ಕೆ ವಾಪಸ್ಸು ಬರೋಣ. ಥ್ರೀ ಮತ್ತು ಫ್ರೀ ಥ್ರೋ, ಇವೇ ಡ್ಯೂಕ್‌ನ ಸೋಲು ಬರೆದ ಕಾಲಂಗಳು ಅಂದೆ. ಈಗ ನನ್ನ ತಕರಾರು. 22ರಲ್ಲಿ ಐದು ಅನ್ನುವುದು ಕೆಟ್ಟ ಆಟವೋ, ಕೆಟ್ಟ ಅದೃಷ್ಟವೋ?

ಡ್ಯೂಕ್ ಆ ಋತುವಿನಲ್ಲಿ ಮೂರು ಥ್ರೀ ಹೊಡೆದರೆ ಒಂದಕ್ಕಿಂತ ಹೆಚ್ಚು ಹಾಕುತ್ತಿದ್ದ ತಂಡ. ನೂರಕ್ಕೆ 36 ಅಂತ ಇಟ್ಟುಕೊಳ್ಳಿ. ಹಾಗಾದರೆ 22ರಲ್ಲಿ ಎಂಟು ಬೀಳಬೇಕು. ಆದರೆ ನಾಣ್ಯ ಚಿಮ್ಮಿದಾಗ ಹತ್ತಕ್ಕೆ ಐದೇ ಬೀಳುತ್ತದೆಯೇ? ಇಲ್ಲ. ಇಂಥ ತಂಡ 22 ಯತ್ನಗಳಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಹಾಕುವ ಸಂಭವ, ಯಾರೂ ಏನೂ ತಪ್ಪು ಮಾಡದಿದ್ದರೂ, ಸುಮಾರು ಏಳು ಪಂದ್ಯಕ್ಕೊಂದು. ಒಂದು ಋತುವಿನಲ್ಲಿ ನಾಲ್ಕೈದು ಸಲ ಇಂಥ ರಾತ್ರಿ ಬಂದೇ ಬರುತ್ತದೆ. ಬಹಳ ಸಲ ಅದು ದುರ್ಬಲ ತಂಡದ ಎದುರು ಬರುತ್ತದೆ, ಗೆದ್ದುಬಿಡುತ್ತೀರಿ, ಯಾರೂ ಗಮನಿಸುವುದಿಲ್ಲ. ಡ್ಯೂಕ್‌ಗೆ ಅದು ಬಂದದ್ದು ಏಪ್ರಿಲ್ 2ಕ್ಕೆ.

ಹಾಗಂತ ಎಂಟು ಬಿದ್ದಿದ್ದರೆ ಒಂಬತ್ತು ಅಂಕ ಹೆಚ್ಚು, ಡ್ಯೂಕ್ ಐದು ಅಂಕದಿಂದ ಗೆಲ್ಲುತ್ತಿತ್ತು ಅಂತ ಹೇಳಿಬಿಡುವುದೂ ತಪ್ಪು. ತಪ್ಪಿದ ಥ್ರೀಗಳಲ್ಲಿ ಕೆಲವು ಡ್ಯೂಕ್ ಕೈಗೇ ಮರಳಿ ಎರಡಂಕ ತಂದಿರುತ್ತವೆ. ಆ ಅಂಕ ಈ 77ರಲ್ಲೇ ಸೇರಿದೆ. ಮುನ್ನಡೆ ಇದ್ದಾಗ ಆಡುವ ಆಟ ಬೇರೆ, ಹಿಂದಿದ್ದಾಗ ಆಡುವುದು ಬೇರೆ. ಒಂದು ಸಂಖ್ಯೆ ಎಳೆದರೆ ಅದರ ಹಿಂದೆ ಹತ್ತು ಬರುತ್ತವೆ.

ಅದೃಷ್ಟದ ಮಾತಿಗೆ ಇನ್ನೂ ಒಳ್ಳೆಯ ಸಾಕ್ಷಿ ಸ್ವತಃ ಲವ್. ಅದೇ ಟೂರ್ನಮೆಂಟಿನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡದ ವಿರುದ್ಧ 30 ಅಂಕ, ಅದರಲ್ಲಿ 27 ದ್ವಿತೀಯಾರ್ಧದಲ್ಲಿ. ಡ್ಯೂಕ್ ವಿರುದ್ಧ 28. ಎರಡು ದಿನ ಬಿಟ್ಟು ಕ್ಯಾನ್ಸಸ್ ಎದುರು ಫೈನಲ್‌ನಲ್ಲಿ 24 ಹೊಡೆತಗಳಲ್ಲಿ ಐದೇ ಬಿದ್ದವು, 13 ಅಂಕ. ಅರ್ಧ ಆಟಕ್ಕೆ 40–25 ಮುಂದಿದ್ದ ಕೆರೊಲಿನಾ 72–69ಕ್ಕೆ ಸೋತಿತು. ಅದೇ ಹುಡುಗ, ಅದೇ ಕೈ, ಅದೇ ಸೂಪರ್‌ಡೋಮ್, ಅದೇ ಧೈರ್ಯ. ಶನಿವಾರ ಚೆಂಡು ಬಿತ್ತು ಅಂತ ಅವನು ದೊಡ್ಡ ಪಂದ್ಯಕ್ಕೆ ಹೇಳಿ ಮಾಡಿಸಿದ ಆಟಗಾರ ಎಂದವರು ಸೋಮವಾರ ಏನು ಹೇಳಬೇಕು?

ಆ ವರ್ಷ ಇಬ್ಬರೂ ಮೂರು ಸಲ ಆಡಿದ್ದರು. ಫೆಬ್ರವರಿ 5ರಂದು ಚಾಪೆಲ್ ಹಿಲ್‌ನಲ್ಲಿ ಡ್ಯೂಕ್ 87–67, ಇಪ್ಪತ್ತು ಅಂಕದ ಜಯ. ಮಾರ್ಚ್ 5ರಂದು ಕ್ಯಾಮರೂನ್‌ನಲ್ಲಿ, ಕೋಚ್ ಕೆ ಅವರ ಕೊನೆಯ ತವರು ಪಂದ್ಯದಲ್ಲಿ, ಕೆರೊಲಿನಾ 94–81. ಆ ಪಟ್ಟಿ ನೋಡುವಂಥದ್ದು: ಬೇಕಾಟ್ 23, ಲವ್ 22, ಆರ್.ಜೆ. ಡೇವಿಸ್ 21, ಮಾನೆಕ್ 20. ನಾಲ್ವರೇ 86 ಅಂಕ, ಉಳಿದ ಇಡೀ ತಂಡಕ್ಕೆ ಎಂಟು. ನಾಲ್ವರೂ ಇಪ್ಪತ್ತು ಮುಟ್ಟಿದರೆ ಯಾರನ್ನು ಸುತ್ತುಗಟ್ಟಿ ತಡೆಯುವುದು? ಆ ಬೇಸಿಗೆಯಲ್ಲಿ, ವೃತ್ತಿಪರ ಲೀಗಾದ ಎನ್‌ಬಿಎ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಡ್ಯೂಕ್‌ನಿಂದ ಐವರು ಆಯ್ಕೆಯಾದರು, ಬಂಕೇರೊ ಇಡೀ ದೇಶಕ್ಕೇ ಮೊದಲಿಗ. ಕೆರೊಲಿನಾದಿಂದ ಒಬ್ಬನೂ ಇಲ್ಲ. ಮೂರರಲ್ಲಿ ಎರಡು ಗೆದ್ದದ್ದು ಕೆರೊಲಿನಾ.

ಇನ್ನು ಅಂಕಪಟ್ಟಿಗೆ ಕಾಣದೇ ಹೋಗುವ ಸಂಗತಿಗಳು. 2012ರ ಫೆಬ್ರವರಿ 8, ಚಾಪೆಲ್ ಹಿಲ್. ಕೆಲವೇ ನಿಮಿಷ ಬಾಕಿ ಇದ್ದಾಗ ಕೆರೊಲಿನಾ ಹತ್ತು ಅಂಕ ಮುಂದಿತ್ತು. ಗಂಟೆ ಬಾರಿಸುವಾಗ ಡ್ಯೂಕ್‌ನ ಆಸ್ಟಿನ್ ರಿವರ್ಸ್ ಥ್ರೀ ಹಾಕಿ 85–84ಕ್ಕೆ ಗೆಲ್ಲಿಸಿದ, ಅವನ ಅಂಕ 29. ಎಲ್ಲರಿಗೂ ಆ ಹೊಡೆತವೇ ನೆನಪು. ಅದಕ್ಕೂ ಸ್ವಲ್ಪ ಮೊದಲು ಡ್ಯೂಕ್‌ನ ತಪ್ಪುತ್ತಿದ್ದ ಚೆಂಡೊಂದನ್ನು ಹಿಡಿಯಲು ಹೋದ ಕೆರೊಲಿನಾದ ಟೈಲರ್ ಝೆಲ್ಲರ್, ಕೈ ತಾಗಿ ಅದನ್ನು ತನ್ನದೇ ಬ್ಯಾಸ್ಕೆಟ್ಟಿನೊಳಕ್ಕೆ ತಳ್ಳಿಬಿಟ್ಟ. ಒಂದೇ ಅಂಕದ ಸೋಲಿನಲ್ಲಿ ಎರಡು ಅಂಕದ ದಾನ. ಝೆಲ್ಲರ್ ಹೆಸರಿನ ಮುಂದೆ ಅವನ 23 ಅಂಕ ಇದೆ; ಆ ಎರಡು ಎದುರಾಳಿಯ ಖಾತೆಗೆ ಜಮೆ.

ಖಾತೆಗಳ ವಿಷಯದಲ್ಲಿ ಇನ್ನೊಂದು ತಮಾಷೆ. 1995ರ ಫೆಬ್ರವರಿ 2ರಂದು ಎರಡು ಓವರ್‌ಟೈಮ್, ಅಂದರೆ ಅಂಕ ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿ, ನಡೆದ ಪಂದ್ಯ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೊದಲ ಓವರ್‌ಟೈಮ್ ಮುಗಿಯುವ ಕ್ಷಣಕ್ಕೆ ಡ್ಯೂಕ್‌ನ ಜೆಫ್ ಕೇಪಲ್ ಅಂಗಣದ ನಡುಗೆರೆಯ ಹತ್ತಿರದಿಂದ ಎಸೆದ ಚೆಂಡು ಬಿದ್ದು ಅಂಕ ಸಮವಾಯಿತು. ಇಂದಿಗೂ ತೋರಿಸುತ್ತಲೇ ಇರುತ್ತಾರೆ. ಗೆದ್ದದ್ದು ಕೆರೊಲಿನಾ, 102–100. ಆಗ ಕೋಚ್ ಕೆ ಬೆನ್ನುನೋವಿನಿಂದ ರಜೆಯಲ್ಲಿದ್ದರು. ಆ ಸೋಲು ದಾಖಲೆಯಲ್ಲಿ ಅವರ ಹೆಸರಿಗಿಲ್ಲ, ತಂಡ ನೋಡಿಕೊಂಡ ಪೀಟ್ ಗಾಡೆಟ್ ಹೆಸರಿನಲ್ಲಿದೆ. ಆ ಋತುವಿನ ಒಟ್ಟು 13 ಗೆಲುವು, 18 ಸೋಲುಗಳಲ್ಲಿ ಗಾಡೆಟ್ ಪಾಲಿಗೆ 4 ಗೆಲುವು, 15 ಸೋಲು ಬಂದವು. ದೊಡ್ಡವರ ಸರಾಸರಿ ನೋಡುವಾಗ ಇಂಥ ಅಡಿಟಿಪ್ಪಣಿಯನ್ನೂ ಓದಬೇಕು.

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದಾಗ ಮುಂದಿನ ಸಾಲಿನಲ್ಲಿ ಕಡುನೀಲಿ ಅಂಗಿ ತೊಟ್ಟ ಹುಡುಗನೊಬ್ಬ ಕೈ ಎತ್ತಿದ. “ಅಂಕಲ್, ಆ ಸೆಮಿಫೈನಲ್‌ನಲ್ಲಿ ನಿಮ್ಮ ಪ್ರಕಾರ ಬೆಸ್ಟ್ ಪ್ಲೇಯರ್ ಯಾರು? ಲವ್ ಅಂತ ಮಾತ್ರ ಹೇಳ್ಬೇಡಿ.”

ಬೇಕಾಟ್ ಅಂದೆ. ಅವನಾದ ಮೇಲೆ ಕೆರೊಲಿನಾದವನೇ ಆದ ಲೀಕಿ ಬ್ಲ್ಯಾಕ್ ಅಂದೆ. ಸಭೆಯಲ್ಲಿ ಅರ್ಧ ಜನ ನಕ್ಕರು, ಯಾಕೆಂದರೆ ಬ್ಲ್ಯಾಕ್‌ನ ಸಾಲಿನಲ್ಲಿ ಹೇಳಿಕೊಳ್ಳುವಂಥ ಅಂಕ ಏನೂ ಇಲ್ಲ. ಆದರೆ ಎದುರು ತಂಡದ ಅಪಾಯಕಾರಿ ಆಟಗಾರನನ್ನು ಅಂಟಿಕೊಂಡು ತಡೆಯುವ ಕೆಲಸ ಅವನದು. ಡ್ಯೂಕ್‌ನ ಎ.ಜೆ. ಗ್ರಿಫಿನ್ ಫೆಬ್ರವರಿಯ ಪಂದ್ಯದಲ್ಲಿ 27 ಅಂಕ ಹೊಡೆದಿದ್ದ. ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಎರಡಂಕಿ ಮುಟ್ಟಲಿಲ್ಲ. ಬೇರೆಯವನು ಹೊಡೆಯದೇ ಉಳಿದ ಅಂಕಗಳನ್ನು ಯಾವ ಕಾಲಂನಲ್ಲೂ ಬರೆಯುವುದಿಲ್ಲ ನೋಡಿ, ಅದಕ್ಕೇ ಬ್ಲ್ಯಾಕ್ ಅಂತ ವಿವರಿಸಿದೆ.

ಹುಡುಗ ಕೂರಲಿಲ್ಲ. “ಈಗ ತಾನೆ ನೀವೇ ಹೇಳಿದ್ರಲ್ಲ, ಐದು ಥ್ರೀ ಬಿದ್ದಿದ್ದು ಸುಮ್ನೆ ಬ್ಯಾಡ್ ಲಕ್ ಇರ್ಬಹುದು ಅಂತ. ಹಾಗಾದ್ರೆ ಗ್ರಿಫಿನ್‌ಗೂ ಅವತ್ತು ಬರೀ ಬಾಲ್ ಬೀಳ್ಲಿಲ್ಲ ಅಂತ ಯಾಕೆ ಅನ್ಬಾರ್ದು?”

ಅನ್ನಬಹುದು. ಎರಡು ಪಂದ್ಯದ ಅಂಕವನ್ನಷ್ಟೇ ಹಿಡಿದು ಅದು ಬ್ಲ್ಯಾಕ್‌ನ ರಕ್ಷಣೆಯೋ ಗ್ರಿಫಿನ್‌ನ ಗ್ರಹಚಾರವೋ ಹೇಳಲು ನನ್ನಿಂದಾಗದು. ಆದರೆ ಇಲ್ಲಿ ಒಂದು ದಾರಿ ಇದೆ. ಚೆಂಡು ಬಿತ್ತೋ ಇಲ್ಲವೋ ಬಿಡು, ಅವನಿಗೆ ಹೊಡೆಯುವ ಅವಕಾಶವೇ ಎಷ್ಟು ಸಲ ಸಿಕ್ಕಿತು, ಆಗ ಎದುರಿಗೆ ಯಾರು ಎಷ್ಟು ಹತ್ತಿರ ನಿಂತಿದ್ದರು ಅಂತ ನೋಡಬೇಕು. ಅವಕಾಶವೇ ಕಡಿಮೆಯಾಗಿದ್ದರೆ ಅದು ಬ್ಲ್ಯಾಕ್‌ನ ಕೆಲಸ. ಖಾಲಿ ಜಾಗದಲ್ಲಿ ನಿಂತು ಹೊಡೆದೂ ಬೀಳದಿದ್ದರೆ ನಿನ್ನ ಮಾತೇ ಸರಿ. ಮೂರೂ ಪಂದ್ಯದ ವಿಡಿಯೊ ಹಾಕಿಕೊಂಡು, ಗ್ರಿಫಿನ್ ಕೈಗೆ ಚೆಂಡು ಬಂದಾಗಲೆಲ್ಲ ಒಂದೊಂದು ಗೆರೆ ಎಳೆದು ಎಣಿಸು, ಎಣಿಸಿದ್ದನ್ನು ನನಗೂ ಕಳಿಸು ಅಂದೆ. “ಫೆಬ್ರವರಿ ಮ್ಯಾಚಿಂದ ಶುರು ಮಾಡ್ತೀನಿ, ಅದು ನಾವು ಗೆದ್ದಿದ್ದು” ಅಂತ ಹೇಳಿ ಕೂತ.